ಸ್ಟಿಯರಿಂಗ್ ಇಲ್ಲದ ಸೀಟು

ಫೆಬ್ರವರಿ ೯

ಅಪ್ಪಾ,

ನಾನಿಲ್ಲಿ ಚೆನ್ನಾಗಿದ್ದೀನಿ ಅಂತ ಬರೆದು, ಅದನ್ನ ಹೊಡೆದುಹಾಕಿ, ಮತ್ತೆ ಮೊದಲಿಂದ ಶುರು ಮಾಡ್ತಿದ್ದೀನಿ. ಚೆನ್ನಾಗಿಲ್ಲ. ಮೈಗೆ ಏನೂ ಆಗಿಲ್ಲ, ಗಾಬರಿ ಬೀಳಬೇಡ. ಫೋನಲ್ಲಿ ಹೇಳೋಣ ಅಂದ್ರೆ ನಿನಗೆ ಅರ್ಧ ಕೇಳಿಸಲ್ಲ, ಕೇಳಿಸಿದ ಅರ್ಧಕ್ಕೆ ಕೂಗಾಡ್ತೀಯ. ಅದಕ್ಕೇ ಕಾಗದ.

ಗುರುವಾರ ಬೆಳಿಗ್ಗೆ ಟೈಲರಮ್ಮನಿಗೆ ಪಾಠ ಇತ್ತು. ನನ್ನ ಹತ್ರ ಕಾರು ಕಲಿಯೋಕೆ ಬರೋರಲ್ಲಿ ಇವರಷ್ಟು ನಗಿಸೋರು ಇನ್ನೊಬ್ಬರಿಲ್ಲ. ಗೇರು ಬದಲಾಯಿಸುವಾಗಲೂ ಬಾಯಲ್ಲಿ ಗುಂಡುಸೂಜಿ ಇಟ್ಕೊಂಡವರ ಹಾಗೆ ತುಟಿ ಬಿಗಿ ಹಿಡೀತಾರೆ. ದೊಡ್ಡ ರಸ್ತೆ ಸೇರೋ ಕಡೆ ಪಕ್ಕದಿಂದ ಲಾರಿ ಬರ್ತಿದ್ದದ್ದು ಅವರಿಗೆ ಕಾಣಲಿಲ್ಲ. ನನ್ನ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆಯಲ್ಲ, ಯೋಚನೆ ಮಾಡೋಕೆ ಮುಂಚೆಯೇ ನನ್ನ ಕಾಲು ಬ್ರೇಕು ಒತ್ತಿಬಿಡ್ತು. ಗಾಡಿ ಗಕ್ಕನೆ ನಿಂತಿತು. ಹಿಂದೆ ಬರ್ತಿದ್ದ ಬಿಳೀ ಕಾರು ಗುದ್ದೋದು ಸ್ವಲ್ಪದರಲ್ಲಿ ತಪ್ಪಿತು.

ಅದನ್ನ ಓಡಿಸ್ತಿದ್ದವನು ಹಾರ್ನ್ ಒತ್ತಿ ಹಿಡಿದು ನಮ್ಮನ್ನ ದಾಟಿ, ಕಾರನ್ನ ನಮ್ಮ ಮುಂದೆ ಅಡ್ಡ ನಿಲ್ಲಿಸಿ ಇಳಿದ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು, ನೋಡಿದ್ರೆ ಯಾವುದೋ ಆಫೀಸಿನ ಸಾಹೇಬ ಅನ್ನಬೇಕು. ಡಿಕ್ಕಿ ತೆಗೆದು ಚಕ್ರ ಬಿಚ್ಚೋ ಪಾನಾ ಕೈಗೆ ತಗೊಂಡ. ಟೈಲರಮ್ಮ, "ಇಳಿದು ಸಾರಿ ಕೇಳಿಬಿಡ್ತೀನಿ ಮೇಡಂ" ಅಂತ ಬಾಗಿಲಿಗೆ ಕೈ ಹಾಕಿದ್ರು. ನಾನು ಅವರ ಮೇಲಿಂದ ಬಗ್ಗಿ ಲಾಕ್ ಒತ್ತಿದೆ. ಅಷ್ಟರಲ್ಲಿ ಮೊದಲನೇ ಏಟು ಅವರ ಕಿಟಕಿ ಗಾಜಿನ ಮೇಲೆ ಬಿತ್ತು. ಅವರು ಎರಡೂ ಕಾಲು ಎತ್ತಿಬಿಟ್ರು, ಎಂಜಿನ್ ಆಫ್ ಆಯ್ತು.

ಅಪ್ಪಾ, ಗಾಡಿ ಓಡಿಸೋಕೆ ಬರೋಳು ನಾನು, ನನ್ನ ಕೈಯಲ್ಲಿ ಸ್ಟಿಯರಿಂಗ್ ಇಲ್ಲ. ಸ್ಟಿಯರಿಂಗ್ ಹಿಡಿದವರಿಗೆ ಓಡಿಸೋಕೆ ಬರಲ್ಲ. ಜಾಗ ಬದಲಾಯಿಸಬೇಕಾದ್ರೆ ಇಳೀಬೇಕು. ನಾನು ದಿನಾ ಪಾಠಕ್ಕೆ ಮಾತಾಡೋ ದನಿಯಲ್ಲೇ ಶುರು ಮಾಡಿದೆ. ಅವನನ್ನ ನೋಡಬೇಡಿ, ನನ್ನ ಮಾತು ಕೇಳಿ. ಕ್ಲಚ್ ಪೂರ್ತಿ ಒತ್ತಿ. ಕೀಲಿ ತಿರುಗಿಸಿ. ರಿವರ್ಸ್ ಗೇರ್. ಈಗ ಮೆಲ್ಲಗೆ ಬಿಡಿ. ಗಾಜು ಬಿರುಕು ಬಿಡ್ತಾ ಇದೆ, ನಾನು "ಶಾಭಾಷ್, ಹಾಗೇ" ಅಂತಿದ್ದೀನಿ. ಆಯಮ್ಮ ಅಳ್ತಾ ಅಳ್ತಾ ಗಾಡಿ ಹಿಂದಕ್ಕೆ ತಗೊಂಡ್ರು, ತಿರುಗಿಸಿದ್ರು.

ಅವನು ಹಿಂದೆಯೇ ಬಂದ. ನನ್ನ ಮನೆ ಎರಡು ಬೀದಿ ಆಚೆ ಇತ್ತು, ಮನೆಗೆ ಓಡೋಣ ಅನ್ನಿಸಿತು. ಆದ್ರೆ ಮನೆ ತೋರಿಸಿಕೊಟ್ಟ ಹಾಗಾಗುತ್ತಲ್ಲ ಅಂತ ಜನ ಇರೋ ಪೆಟ್ರೋಲ್ ಬಂಕಿಗೆ ಓಡಿಸೋಕೆ ಹೇಳಿದೆ. ಅಲ್ಲಿನ ಕೆಲಸದವರು ಸುತ್ತ ಬಂದು ನಿಂತರು. ಅವನು ರಸ್ತೆಯಲ್ಲೇ ನಿಧಾನ ಮಾಡಿ ನೋಡ್ಕೊಂಡು ಹೋದ. ಅವನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ದಾರಿ ಉದ್ದಕ್ಕೂ ತಲೆ ತಗ್ಗಿಸಿದ್ದವಳು, ಹೋಗುವಾಗ ಮಾತ್ರ ನಮ್ಮ ಕಾರಿನ ಹಿಂಭಾಗವನ್ನ ನೋಡ್ತಾ ಹೋದಳು.

ಆಗ ನೆನಪಾಯ್ತು. ಡ್ರೈವಿಂಗ್ ಸ್ಕೂಲಿನ ಹೆಸರಿನ ಕೆಳಗೆ, ದೂರದಿಂದಲೂ ಕಾಣಲಿ ಅಂತ ನಾನೇ ಕೆಂಪು ಬಣ್ಣದಲ್ಲಿ ಬರೆಸಿದ ನನ್ನ ಫೋನ್ ನಂಬರು. ಬಂದಾಗಿಂದ ಬಾಗಿಲು ಹಾಕ್ಕೊಂಡು ಕೂತಿದ್ದೀನಿ.

ನಿನ್ನ
ಚುಕ್ಕಿ

*

ಫೆಬ್ರವರಿ ೧೪

ಚುಕ್ಕಿ,

ಕಾಗದ ಓದಿ ಮೈಯೆಲ್ಲ ಉರಿದು ಹೋಯ್ತು. ಆ ಬಿಳೀ ಕಾರಿನ ನಂಬರು ಬರೆದು ಕಳಿಸು. ನೀನು ನೋಡಿಟ್ಟುಕೊಂಡಿರ್ತೀಯ, ನನ್ನ ಮಗಳು ನೀನು.

ನಾನಿದ್ದಿದ್ರೆ ಇಳೀತಿದ್ದೆ. ಅಷ್ಟು ವರ್ಷ ಬಸ್ಸು ಓಡಿಸಿದ್ದೀನಿ, ಎಷ್ಟು ಜನ ಅಡ್ಡ ಹಾಕಿದ್ರೋ ಲೆಕ್ಕ ಇಲ್ಲ. ಇಳಿದು ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಎಂಥವನೂ ತೆಪ್ಪಗಾಗ್ತಿದ್ದ. ಹಿಂದಕ್ಕೆ ಹೋದ್ರೆ ಇಂಥವರಿಗೆ ಕೊಬ್ಬು ಜಾಸ್ತಿ ಆಗುತ್ತೆ. ನಮ್ಮ ಬಸ್ಸಿನ ಹಳೇ ಕಂಡಕ್ಟರಿಗೆ ಹೇಳಿದ್ದೀನಿ, ಅವನೂ ಬರ್ತಾನಂತೆ. ಇಬ್ಬರೂ ಸೇರಿ ಆ ಸಾಹೇಬನ ಗ್ರಹಚಾರ ಬಿಡಿಸ್ತೀವಿ. ನಿನ್ನ ಅಣ್ಣನಿಗೆ ಹೇಳಿಲ್ಲ, ಅವನು ಬೇಡ ಅಂತಾನೆ.

ಊಟ ಮಾಡ್ತಿದ್ದೀಯೋ ಇಲ್ಲವೋ. ಮಾಡು.

ಇಂತಿ, ಕೋಪದಲ್ಲಿರುವ
ಅಪ್ಪ

*

ಫೆಬ್ರವರಿ ೨೨

ಅಪ್ಪಾ,

ನಂಬರು ಕೊಡಲ್ಲ. ಬಾಯಿಪಾಠ ಆಗಿದೆ, ಆದ್ರೂ ಕೊಡಲ್ಲ. ನೀನು ಇಳಿದಾಗ ನಿನ್ನ ಬೆನ್ನಿಗೆ ಒಂದು ಬಸ್ಸು ತುಂಬ ಜನ ಇರ್ತಿದ್ರು. ನನ್ನ ಬೆನ್ನಿಗೆ ಯಾರಿದ್ರು ಹೇಳು. ನೀನು ಬಂದು ಅವನನ್ನ ಹುಡುಕಿದ್ರೆ ಮತ್ತೆ ಆ ಪಾನಾ ಈಚೆ ಬರುತ್ತೆ, ಈ ಸಲ ಗಾಜು ಅಡ್ಡ ಇರಲ್ಲ. ನಿನ್ನ ತಲೆ ಎಷ್ಟು ಗಟ್ಟಿ ಅಂತ ನನಗೆ ಗೊತ್ತು, ಕಬ್ಬಿಣಕ್ಕೆ ಗೊತ್ತಿರಲ್ಲ.

ಕೆಟ್ಟ ಸುದ್ದಿ ಇನ್ನೊಂದಿದೆ. ಫೋನು ಬರೋಕೆ ಶುರು ಆಯ್ತು. ಎತ್ತಿದ್ರೆ ಮಾತಿಲ್ಲ. ಉಸಿರು ಮಾತ್ರ, ಆಮೇಲೆ ಕಟ್. ಪ್ರತಿ ಸಲ ಅದೇ ನಂಬರು. ಒಂದು ಸಲ "ಯಾರು ನೀವು, ಏನು ಬೇಕು" ಅಂತ ಕಿರುಚಿದೆ. ಕೆಳಗಿನ ಮನೆಯ ಓನರಮ್ಮ ಮೆಟ್ಟಿಲು ಹತ್ತಿ ಬಂದುಬಿಟ್ರು. ಆಮೇಲೆ ಫೋನು ಆಫ್ ಮಾಡಿ ಬಟ್ಟೆಗಳ ಕೆಳಗೆ ಇಟ್ಟಿದ್ದೀನಿ. ಅಣ್ಣ ಫೋನು ಮಾಡಿ ಸಿಗಲಿಲ್ಲ ಅಂದ್ರೆ ಇದೇ ಕಾರಣ.

ಪೊಲೀಸರಿಗೆ ಹೇಳಿಲ್ಲ. ಹೇಳಿದ್ರೆ ನನ್ನ ವಿಳಾಸ ಕೊಡಬೇಕು, ಅದು ಹೇಗೋ ಅವನ ಕೈ ಸೇರಿಬಿಟ್ರೆ? ಗಾಜು ಬದಲಾಯಿಸಿದ್ದಾಯ್ತು. ಕಾರಿನ ಮೇಲಿದ್ದ ಬೋರ್ಡು ಬಿಚ್ಚಿದೆ, ನಂಬರಿನ ಮೇಲೆ ಟೇಪು ಅಂಟಿಸಿದೆ. ಪಾಠ ನಿಲ್ಲಿಸಿದ್ದೀನಿ. ನಿನ್ನೆ ಅಂಗಡಿಗೆ ಹೋಗಿದ್ದೆ, ಯಾರೋ ಶಟರ್ ಎಳೆದ ಸದ್ದಿಗೆ ಕೈಲಿದ್ದ ಚೀಲ ಬಿಟ್ಟು ಗೋಡೆಗೆ ಅಂಟಿಕೊಂಡೆ. ಜನ ನೋಡ್ತಿದ್ರು. ನಾಚಿಕೆ ಆಗಲಿಲ್ಲ ಅಪ್ಪಾ, ನಾಚಿಕೆಗೂ ಜಾಗ ಇರಲಿಲ್ಲ. ಬೀದಿಯಲ್ಲಿ ಇಷ್ಟೊಂದು ಬಿಳೀ ಕಾರುಗಳಿವೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಿನ್ನ
ಚುಕ್ಕಿ

*

ಮಾರ್ಚ್ ೩

ಚುಕ್ಕಿ,

ಬ್ಯಾಗು ಕಟ್ಟಿಟ್ಟಿದ್ದೆ. ನಿನ್ನ ಅತ್ತಿಗೆ ನೋಡಿ ಕೇಳಿದಳು. ಹೇಳಿದೆ. ಅವಳು ತಟ್ಟೆ ಇಡ್ತಾ ಸಮಾಧಾನವಾಗೇ ಅಂದಳು, "ಮಾವ, ಅವನೂ ಹೀಗೇ ಅಲ್ವಾ ಕಾರಿಂದ ಇಳಿದಿದ್ದು?" ನಾನು ಊಟ ಬಿಟ್ಟು ಎದ್ದು ಹೊರಗೆ ಹೋದೆ. ತುಂಬಾ ಹೊತ್ತು ನಡೆದೆ. ಹಸಿವಾಯ್ತು, ವಾಪಸ್ ಬಂದೆ. ಅವಳು ಊಟ ಮುಚ್ಚಿಟ್ಟಿದ್ದಳು, ಬಡಿಸಿದಳು. ಬ್ಯಾಗು ಬಿಚ್ಚಿದ್ದೀನಿ. ನಂಬರು ನನಗೆ ಬೇಡ, ಪೊಲೀಸರಿಗೆ ಕೊಡು. ಟೈಲರಮ್ಮನ್ನ ಜೊತೆಗೆ ಕರ್ಕೊಂಡು ಹೋಗು, ಸಾಕ್ಷಿ ಆಗುತ್ತೆ, ಧೈರ್ಯವೂ ಆಗುತ್ತೆ.

ಇನ್ನೊಂದು ಮಾತು. ಆಕ್ಸಿಡೆಂಟ್ ಆಗಿ ಹೆದರಿದ ಡ್ರೈವರುಗಳನ್ನ ಡಿಪೋದಲ್ಲಿ ನಾವು ಹೇಗೆ ವಾಪಸ್ ತರ್ತಿದ್ವಿ ಗೊತ್ತಾ? ಬೈತಿರಲಿಲ್ಲ, ಹುರಿದುಂಬಿಸ್ತಲೂ ಇರಲಿಲ್ಲ. ನಿಂತಿರೋ ಬಸ್ಸಲ್ಲಿ ಸುಮ್ಮನೆ ಕೂರಿಸ್ತಿದ್ವಿ. ಟೀ ಕುಡಿ, ಪೇಪರ್ ಓದು, ಇಳಿ. ಎದೆ ಹೊಡ್ಕೊಳ್ಳೋದು ನಿಂತ ಮೇಲೆ ಎಂಜಿನ್ ಶುರು. ಆಮೇಲೆ ಡಿಪೋ ಒಳಗೇ ಒಂದು ಸುತ್ತು. ಯಾರಿಗೂ ಇಷ್ಟು ದಿನ ಅಂತ ಹೇಳ್ತಿರಲಿಲ್ಲ. ನೀನೂ ಹಾಗೇ ಮಾಡು. ಬಾಗಿಲು ಲಾಕ್ ಮಾಡಿ, ಗಾಜು ಏರಿಸಿ ಕೂತ್ಕೋ. ಉಸಿರು ನಿಧಾನಕ್ಕೆ ಎಳ್ಕೋ, ಅದಕ್ಕಿಂತ ನಿಧಾನಕ್ಕೆ ಬಿಡು.

ಇನ್ನೂ ನನಗೆ ಅವನ ಮೇಲೆ ಕೋಪ ಇದೆ. ಅದನ್ನ ನಾನೇ ಇಲ್ಲಿ ಇಟ್ಕೊಳ್ತೀನಿ, ನಿನ್ನ ಹತ್ರ ಕಳಿಸಲ್ಲ.

ಬ್ಯಾಗು ಬಿಚ್ಚಿದ
ಅಪ್ಪ

*

ಮಾರ್ಚ್ ೨೦

ಅಪ್ಪಾ,

ಇದನ್ನ ಕೂತು ಓದು. ಅತ್ತಿಗೇನೂ ಪಕ್ಕ ಕೂರಿಸ್ಕೋ.

ನೀನು ಹೇಳಿದ ಹಾಗೇ ನಿಂತ ಕಾರಲ್ಲಿ ಕೂತೆ. ಓನರಮ್ಮ ಬಟ್ಟೆ ಒಣಗಿಸ್ತಾ, "ಏನಮ್ಮಾ, ಗಾಡಿಗೆ ಕಾವು ಕೊಡ್ತಿದ್ದೀಯಾ?" ಅಂತ ಛೇಡಿಸಿದ್ರು. ಬಹಳ ದಿನದ ಮೇಲೆ ನಗು ಬಂತು. ಟೈಲರಮ್ಮನ ಜೊತೆ ಹೋಗಿ ಪೊಲೀಸ್ ದೂರೂ ಕೊಟ್ಟೆ. ಅಲ್ಲಿನ ಮಹಿಳಾ ಇನ್ಸ್‌ಪೆಕ್ಟರು ಪೂರ್ತಿ ಕೇಳಿಸಿಕೊಂಡು, ಇಳಿಯದೆ ಇದ್ದದ್ದೂ ಮನೆಗೆ ಹೋಗದೆ ಇದ್ದದ್ದೂ ಒಳ್ಳೇದಾಯ್ತು ಅಂದ್ರು. ಫೋನು ಆನ್ ಇಟ್ಕೊಳ್ಳಿ, ಮತ್ತೆ ಬಂದ್ರೆ ತಿಳಿಸಿ ಅಂದ್ರು.

ಬಂತು. ಎತ್ತಿ ಕಿವಿಗೊಟ್ಟೆ. ಆ ಕಡೆ ನಲ್ಲಿ ಸುರೀತಿದ್ದ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ, ಪಿಸುಮಾತು. "ಕಾರು ಕಲಿಸ್ತೀರಲ್ಲ, ಅವರೇನಾ?"

ಅದು ಅವನ ಹೆಂಡತಿ ಅಪ್ಪಾ. ಅವತ್ತು ಪಕ್ಕದಲ್ಲಿ ಕೂತಿದ್ದವಳು. ಇಷ್ಟು ದಿನ ಫೋನು ಮಾಡ್ತಿದ್ದದ್ದು ಅವಳು, ಅವನಲ್ಲ. ಅವನು ಸ್ನಾನಕ್ಕೆ ಹೋದಾಗ ಮಾಡೋಳು, ಬಾಗಿಲ ಸದ್ದಾದ್ರೆ ಕಟ್ ಮಾಡೋಳು. ನನ್ನ ನಂಬರನ್ನ ಅವತ್ತು ದಾರಿಯಲ್ಲೇ ಬಾಯಿಪಾಠ ಮಾಡಿದ್ದಳಂತೆ. "ಅವರು ರಸ್ತೆಯಲ್ಲಿ ಒಂದು ದಿನ ಹಾಗಾಡಿದ್ರು ಅಂತ ನೀವು ಹೆದರಿದ್ದೀರಿ. ನಾನು ಅದೇ ಮನೆಯಲ್ಲಿದ್ದೀನಿ. ನನಗೆ ಗಾಡಿ ಓಡಿಸೋದು ಹೇಳಿಕೊಡಿ" ಅಂದಳು. ನಾನು ಬಟ್ಟೆ ಕೆಳಗೆ ಹೂತಿಟ್ಟಿದ್ದ ಫೋನಿಗೆ ಆಕೆ ಎಷ್ಟು ಸಲ ಮಾಡಿದ್ದಳೋ.

ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ, ಅವನು ಕೆಲಸಕ್ಕೆ ಹೋದ ಮೇಲೆ, ಆಸ್ಪತ್ರೆ ಹಿಂದಿನ ಖಾಲಿ ಮೈದಾನಕ್ಕೆ ಬರ್ತೀನಿ ಅಂದಿದ್ದಾಳೆ. ಏನು ಮಾಡಲಿ?

ಚುಕ್ಕಿ

*

ಮಾರ್ಚ್ ೨೫

ಚುಕ್ಕಿ,

ಹೋಗಬೇಡ. ಅವನೇ ಹೇಳಿಕೊಟ್ಟು ಮಾತಾಡಿಸಿರಬಹುದು. ಖಾಲಿ ಮೈದಾನ ಅಂತೀಯ, ಅಲ್ಲಿ ಕೂಗಿದ್ರೆ ಯಾರು ಬರ್ತಾರೆ? ಆ ತಾಯಿಗೆ ಪೊಲೀಸರ ದಾರಿ ತೋರಿಸು, ಅಷ್ಟು ಸಾಕು. ಅತ್ತಿಗೆ ಮಾತ್ರ ಬೇರೆ ಹೇಳ್ತಾಳೆ. ಅವಳ ಮಾತು ಇಲ್ಲಿ ಬರೆಯಲ್ಲ, ನೀನು ಅದನ್ನೇ ಹಿಡ್ಕೋತೀಯ.

ಈ ಕಾಗದ ಸೋಮವಾರಕ್ಕೆ ಮುಂಚೆ ಸೇರಲಿ. ಮೊದಲು ಉತ್ತರ ಹಾಕು.

ಅಪ್ಪ

*

ಏಪ್ರಿಲ್ ೧೬

ಅಪ್ಪಾ,

ತಡವಾಯ್ತು, ಬೈಕೋಬೇಡ. ನಿನ್ನ ಕಾಗದ ಸೇರುವಷ್ಟರಲ್ಲಿ ನಾನು ಹೋಗಿ ಬಂದಾಗಿತ್ತು. ಒಬ್ಬಳೇ ಹೋಗಲಿಲ್ಲ, ಇನ್ಸ್‌ಪೆಕ್ಟರಿಗೆ ಹೇಳಿಯೇ ಹೋದೆ. ಹಿಂದಿನ ಸೀಟಲ್ಲಿ ಟೈಲರಮ್ಮ ಕತ್ತರಿ ಹಿಡ್ಕೊಂಡು ಕೂತಿದ್ರು. ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ. ಯಾಕೆ ಅಂದ್ರೆ, "ಕೈ ಖಾಲಿ ಇದ್ರೆ ನಡುಗುತ್ತೆ" ಅಂದ್ರು.

ಆಕೆ ಬಂದಳು. ನನಗಿಂತ ಚಿಕ್ಕವಳು. ಕಾರಿನೊಳಗೆ ಕೂತ ತಕ್ಷಣ ಲಾಕ್ ಯಾವುದು ಅಂತ ಕೇಳಿ, ಒತ್ತಿ, ಎಳೆದು ನೋಡಿ, ಆಮೇಲೆ ಉಸಿರು ಬಿಟ್ಟಳು. ನಾನು ಎಲ್ಲರಿಗೂ ಹೇಳೋ ಹಾಗೆ ಮೊದಲನೇ ಗೇರಿಂದ ಶುರು ಮಾಡಿದೆ. ಆಕೆ ತಡೆದಳು. "ಮುಂದಕ್ಕೆ ಹೋಗೋದು ಆಮೇಲೆ ಕಲೀತೀನಿ. ಅವತ್ತು ನೀವು ಹಿಂದಕ್ಕೆ ಹೋಗಿ ತಪ್ಪಿಸ್ಕೊಂಡ್ರಲ್ಲ, ಅದನ್ನ ಮೊದಲು ಹೇಳಿಕೊಡಿ." ಅವನು ಮನೆಯಲ್ಲಿ ಕಾರನ್ನ ಗೋಡೆಗೆ ಮುಖ ಮಾಡಿ ನಿಲ್ಲಿಸ್ತಾನಂತೆ.

ರಿವರ್ಸ್ ಕೊನೆಗೆ ಕಲಿಸೋ ಪಾಠ. ಆದ್ರೂ ಕಲಿಸಿದೆ. ಆಮೇಲೂ ಎರಡು ಮೂರು ಸಲ ಬಂದಳು. ಮೈದಾನದ ಈ ತುದಿಯಿಂದ ಆ ತುದಿಗೆ, ಬರೀ ಹಿಂದಕ್ಕೆ. ಪ್ರತಿ ಸಲ ನಾನು ನಡುಗ್ತಾ ಹೋಗ್ತೀನಿ, ನಡುಗ್ತಾ ಬರ್ತೀನಿ. ನಡುವೆ ಪಾಠ ಮಾತ್ರ ಸರಿಯಾಗಿ ನಡೆಯುತ್ತೆ. ದೂರು ಕೊಡು ಅಂತ ಇನ್ಸ್‌ಪೆಕ್ಟರೂ ಹೇಳಿದ್ರು, ಆಕೆ ಇನ್ನೂ ಒಪ್ಪಿಲ್ಲ. ಈ ವಾರ ಬರಲಿಲ್ಲ. ಫೋನೂ ಇಲ್ಲ.

ಮೊದಲು ಫೋನು ಬಂದ್ರೆ ಹೆದರ್ತಿದ್ದೆ. ಈಗ ಬರಲಿಲ್ಲವಲ್ಲ ಅಂತ ಹೆದರ್ತಿದ್ದೀನಿ.

ಚುಕ್ಕಿ

*

ಮೇ ೮

ಅಪ್ಪಾ,

ಭಾನುವಾರ ಮಧ್ಯಾಹ್ನ ಫೋನು ಬಂತು. ಮಾತಿಲ್ಲ. ಉಸಿರು, ಅದರ ಹಿಂದೆ ಗಾಜಿಗೆ ಕಬ್ಬಿಣ ಬೀಳೋ ಸದ್ದು. ಆ ಸದ್ದನ್ನ ನಾನು ಯಾವ ಜನ್ಮಕ್ಕೂ ಮರೆಯಲ್ಲ.

ಎಲ್ಲಿದ್ದೀರಿ ಅಂತ ಕೇಳಿದೆ. "ಕಾರೊಳಗೆ" ಅಂದಳು. ಮನೆಯೊಳಗೆ ಜಗಳ ಶುರುವಾಗಿ, ಕೀಲಿ ಕಿತ್ಕೊಂಡು ಓಡಿ ಬಂದು ಕಾರಲ್ಲಿ ಕೂತು ಲಾಕ್ ಮಾಡ್ಕೊಂಡಿದ್ದಾಳೆ. ಅವನು ಹೊರಗೆ. ಇನ್ನೇನನ್ನೂ ಕೇಳಲಿಲ್ಲ. ಓನರಮ್ಮನ್ನ ಕೂಗಿ, ಗೋಡೆಗೆ ಅಂಟಿಸಿದ್ದ ಇನ್ಸ್‌ಪೆಕ್ಟರ ನಂಬರು ತೋರಿಸಿ, ಅವರ ಫೋನಿಂದ ಹೇಳಿ ಅಂತ ಕೈಸನ್ನೆ ಮಾಡಿದೆ. ದೂರಲ್ಲಿ ಕಾರಿನ ನಂಬರು ಕೊಟ್ಟಿದ್ದರಿಂದ ಅವನ ಮನೆ ಎಲ್ಲಿ ಅಂತ ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ನನ್ನ ಬಾಯಿ ಮಾತ್ರ ಆಕೆಗೆ ಮೀಸಲು.

ಅವನನ್ನ ನೋಡಬೇಡಿ. ಫೋನು ತೊಡೆ ಮೇಲೆ ಇಡಿ. ಕ್ಲಚ್ ಪೂರ್ತಿ ಒತ್ತಿ. ಕೀಲಿ ತಿರುಗಿಸಿ. ಎಂಜಿನ್ ಶುರುವಾಗಿದ್ದು ಕೇಳಿಸಿತು. ರಿವರ್ಸ್. ಹಿಂದೆ ನೋಡಿ, ಯಾರಾದ್ರೂ ಇದ್ದಾರಾ? ಇಲ್ಲ ಅಂದಳು. ಅವನು ಎಲ್ಲಿದ್ದಾನೆ? ಪಕ್ಕದಲ್ಲಿ. ಸರಿ, ಮೆಲ್ಲಗೆ ಬಿಡಿ. ಮೈದಾನ ಅಂದ್ಕೊಳ್ಳಿ. ಅಪ್ಪಾ, ನನ್ನ ಕೈಯಲ್ಲಿ ಈ ಸಲ ಬ್ರೇಕೂ ಇರಲಿಲ್ಲ. ಏನೋ ಮುರಿದ ಸದ್ದು ಬಂತು. ಆಕೆಯ ದನಿ ನಿಂತುಹೋಯ್ತು. ಗಾಜೋ, ತಲೆಯೋ ಗೊತ್ತಾಗಲಿಲ್ಲ. ಆದ್ರೂ ನಾನು ಹೇಳ್ತಾನೇ ಇದ್ದೆ, ಶಾಭಾಷ್, ಹಾಗೇ, ಹಾಗೇ. ಓನರಮ್ಮ ನನ್ನ ಭುಜ ಹಿಡ್ಕೊಂಡಿದ್ರು. ಬಹಳ ಹೊತ್ತಾದ ಮೇಲೆ "ಗೇಟು ಹೋಯ್ತು" ಅಂತ ಆಕೆಯ ದನಿ ಬಂತು. ಮುರಿದದ್ದು ಗೇಟು.

ಬೀದಿಗೆ ಬಂದ ಮೇಲೆ ಗೇರು ಬದಲಾಯಿಸಿ ಮುಂದೆ ಹೋಗಬೇಕಲ್ಲ. ಅದು ಆಕೆಗೆ ಬರಲ್ಲ. ನಾನು ಕಲಿಸಿರಲಿಲ್ಲ. ಇಡೀ ಬೀದಿಯನ್ನ ಹಿಂದಕ್ಕೇ ದಾಟಿದ್ದಾಳೆ. ಅವನು ಎದುರಿಂದ ಪಾನಾ ಹಿಡಿದು ಓಡಿ ಬರ್ತಿದ್ದದ್ದು ಮುಂದಿನ ಗಾಜಲ್ಲಿ ಕಾಣ್ತಿತ್ತಂತೆ. ಅವನ ಮುಖ ನೋಡ್ತಾನೇ ದೂರ ದೂರ ಹೋಗಿದ್ದಾಳೆ. ಬೀದಿ ಕೊನೆಯ ಅಂಗಡಿ ಮುಂದೆ ಜನ ಇದ್ರು, ಕಾರು ಅಲ್ಲಿ ಹೋಗಿ ನಿಂತಿತು. ಪೊಲೀಸ್ ಜೀಪು ಬರೋ ತನಕ ಬಾಗಿಲು ತೆಗೀಬೇಡಿ ಅಂದಿದ್ದೆ. ಬಂದ ಮೇಲೂ ಆಕೆ ತೆಗೀಲಿಲ್ಲ. ಆಕೆಗೆ ನಾನೇ ಫೋನಲ್ಲಿ "ಅವರು ಪೊಲೀಸರೇ, ಈಗ ತೆಗೀರಿ" ಅಂತ ಹೇಳಬೇಕಾಯ್ತು.

ದೂರು ಬರೆದುಕೊಟ್ಟು ಈಗ ತನ್ನ ಅಕ್ಕನ ಮನೆಯಲ್ಲಿದ್ದಾಳೆ. ಅವನು ಜಾಮೀನಿನ ಮೇಲೆ ಹೊರಗೆ ಬಂದಿದ್ದಾನಂತೆ. ಅದನ್ನ ಕೇಳಿದಾಗಿನಿಂದ ಬಾಗಿಲ ಚಿಲಕ ಎರಡೆರಡು ಸಲ ನೋಡ್ತೀನಿ. ಹೆದರಿಕೆ ಹೋಗಿಲ್ಲ ಅಪ್ಪಾ, ಹೋಗಿದೆ ಅಂತ ಸುಳ್ಳು ಬರೆಯಲ್ಲ. ಆದ್ರೂ ನಂಬರಿನ ಮೇಲಿನ ಟೇಪು ಕಿತ್ತಿದ್ದೀನಿ. ಇನ್ಯಾರಾದ್ರೂ ಓದ್ತಿರಬಹುದು.

ಹೆದರಿಕೊಂಡೇ ಪಾಠ ಶುರು ಮಾಡಿರುವ
ಚುಕ್ಕಿ

*

ಮೇ ೧೪

ಚುಕ್ಕಿ,

ನನ್ನ ಕನ್ನಡಕ ಕೈಗೆ ಸಿಗಲಿಲ್ಲ, ನಿನ್ನ ಅತ್ತಿಗೆ ಓದಿದಳು. ಗೇಟು ಮುರಿದ ಸಾಲಿಗೆ ಬಂದು ಅವಳು ಓದೋದು ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಅಂತ ರೇಗಿದೆ. "ಮಾವ, ನಿಮ್ಮ ಕಾಲು" ಅಂದಳು. ಕುರ್ಚಿಯಲ್ಲಿ ಕೂತವನು ಎರಡೂ ಕಾಲನ್ನ ನೆಲಕ್ಕೆ ಒತ್ತಿ ಹಿಡಿದುಬಿಟ್ಟಿದ್ದೆ, ಬ್ರೇಕು ಅಲ್ಲೇ ಇದೆಯೇನೋ ಅನ್ನೋ ಹಾಗೆ. ಚಪ್ಪಲಿ ಬಾರು ಕಿತ್ತುಹೋಗಿತ್ತು. ಅಷ್ಟು ವರ್ಷ ಓಡಿಸಿದ ಬಸ್ಸಲ್ಲಿ ನನಗೆ ಇಷ್ಟು ಹೆದರಿಕೆ ಆಗಿದ್ದಿಲ್ಲ ಕಣೇ. ಬಾಯಿಬಿಟ್ಟು ಹೇಳ್ತಿದ್ದೀನಿ, ಹೆದರಿದೆ.

ಮುಂದಿನ ವಾರ ಬರ್ತಿದ್ದೀನಿ. ಅವನನ್ನ ಹುಡುಕಲ್ಲ, ನಿನ್ನಾಣೆ. ಆ ಹುಡುಗಿಯನ್ನ ಪಾಠಕ್ಕೆ ಕರೆಸು. ಮುಂದಕ್ಕೆ ಹೋಗೋದು ಇನ್ನೂ ಬಾಕಿ ಇದೆಯಲ್ಲ, ನೀನು ಹೇಳಿಕೊಡು. ನಾನು ಟೈಲರಮ್ಮನ ಪಕ್ಕ ಹಿಂದಿನ ಸೀಟಲ್ಲಿ ಕೂತಿರ್ತೀನಿ. ಏನೇ ಆದ್ರೂ ಇಳಿಯಲ್ಲ.

ಬರ್ತಿರುವ
ಅಪ್ಪ